ಒಂದು ಫೋನ್ ಕರೆ, 43 ದಿನ ಮೌನ: ಎಲಿಜಬೆತ್ ಕೊಪ್ ಪ್ರಕರಣ

1988ರ ಅಕ್ಟೋಬರ್ 27, ಗುರುವಾರ. ಸ್ವಿಟ್ಜರ್ಲೆಂಡಿನ ಸರ್ಕಾರ ಕೂರುವ ಬರ್ನ್ ನಗರದಿಂದ ಒಬ್ಬ ಸಚಿವೆ ತಮ್ಮ ಗಂಡನಿಗೆ ಫೋನ್ ಮಾಡಿದರು. ವಿಷಯ ಇಷ್ಟೇ: ನೀವು ಆ ಕಂಪನಿಯ ಆಡಳಿತ ಮಂಡಳಿಯಲ್ಲಿ ಇರೋದು ಬೇಡ, ರಾಜೀನಾಮೆ ಕೊಟ್ಟುಬಿಡಿ. ಗಂಡ ಅದೇ ದಿನ ರಾಜೀನಾಮೆ ಕೊಟ್ಟರು. ಗಂಡ ಹೆಂಡತಿ ನಡುವೆ ಇಂಥ ಮಾತು ಎಷ್ಟು ಮನೆಗಳಲ್ಲಿ ನಡೆಯೋದಿಲ್ಲ ಹೇಳಿ. ಆದರೆ ಈ ಹೆಂಡತಿ ದೇಶದ ನ್ಯಾಯ ಮತ್ತು ಪೊಲೀಸ್ ಇಲಾಖೆಯ ಸಚಿವೆ. ಆ ಕಂಪನಿಯ ಹೆಸರು ಕೇಳಿಬಂದಿದ್ದು ಕಪ್ಪುಹಣ ತೊಳೆಯುವ ತನಿಖೆಯೊಂದರಲ್ಲಿ. ಆ ಸುದ್ದಿ ಹೊರಟಿದ್ದು ಅವರದೇ ಇಲಾಖೆಯೊಳಗಿಂದ.

ಎರಡೂವರೆ ತಿಂಗಳಲ್ಲಿ ಎಲಿಜಬೆತ್ ಕೊಪ್ ಅವರ ರಾಜಕೀಯ ಜೀವನ ಮುಗಿದೇಹೋಯಿತು. ಸ್ವಿಸ್ ಸರ್ಕಾರದ ಮೊಟ್ಟಮೊದಲ ಮಹಿಳಾ ಸಚಿವೆ ಅವರು. ಎಲ್ಲ ಸರಿಯಾಗಿ ನಡೆದಿದ್ದರೆ 1990ರಲ್ಲಿ ದೇಶದ ಮೊದಲ ಮಹಿಳಾ ಅಧ್ಯಕ್ಷೆಯೂ ಆಗುತ್ತಿದ್ದರು. ಈ ಪ್ರಕರಣವನ್ನು ಸಾಮಾನ್ಯವಾಗಿ ಎಲ್ಲರೂ ಆ ಫೋನ್ ಕರೆಯ ಕಥೆಯಾಗಿ ಹೇಳುತ್ತಾರೆ. ನಾನು ಓದಿಕೊಂಡಷ್ಟೂ ನನಗೆ ಅನ್ನಿಸಿದ್ದು ಬೇರೆ. ಅವರನ್ನು ಕೆಡವಿದ್ದು ಕರೆ ಅಲ್ಲ, ಕರೆ ಆದಮೇಲಿನ 43 ದಿನಗಳ ಮೌನ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಮೊದಲು ಅಲ್ಲಿನ ಪದ್ಧತಿ ಸ್ವಲ್ಪ ಗೊತ್ತಿರಬೇಕು. ಸ್ವಿಟ್ಜರ್ಲೆಂಡಿನಲ್ಲಿ ಪ್ರಧಾನಿ ಅಂತ ಯಾರೂ ಇಲ್ಲ. ಏಳು ಜನರ ಒಂದು ಫೆಡರಲ್ ಕೌನ್ಸಿಲ್ ಇದೆ, ಅದೇ ಸರ್ಕಾರ. ಏಳೂ ಜನ ಸಮಾನರು, ಒಬ್ಬೊಬ್ಬರಿಗೆ ಒಂದೊಂದು ಇಲಾಖೆ. ಅಧ್ಯಕ್ಷ ಸ್ಥಾನ ವರ್ಷಕ್ಕೊಬ್ಬರ ಪಾಲಿಗೆ ಬರುತ್ತದೆ, ಈ ವರ್ಷ ಉಪಾಧ್ಯಕ್ಷರಾದವರು ಮುಂದಿನ ವರ್ಷ ಅಧ್ಯಕ್ಷರು. ಇವರನ್ನು ಆರಿಸೋದು ಜನ ಅಲ್ಲ, ಸಂಸತ್ತಿನ ಎರಡೂ ಮನೆಗಳ 246 ಸದಸ್ಯರು ಒಟ್ಟಿಗೆ ಕೂತು ಗುಪ್ತ ಮತದಾನದಲ್ಲಿ ಆರಿಸುತ್ತಾರೆ. ಒಮ್ಮೆ ಆರಿಸಿದರೆ ನಾಲ್ಕು ವರ್ಷ. ಮಧ್ಯದಲ್ಲಿ ಅವಿಶ್ವಾಸ ಗೊತ್ತುವಳಿ ತಂದು ಇಳಿಸುವ ದಾರಿಯೇ ಇಲ್ಲ. ಹಾಗಾಗಿ ಒಬ್ಬ ಸಚಿವರು ಒತ್ತಡಕ್ಕೆ ಸಿಕ್ಕಿ ಹೊರಗೆ ಹೋಗೋದು ಅಂದರೆ ಆ ದೇಶದಲ್ಲಿ ತೀರಾ ಅಪರೂಪದ ಮಾತು.

ಕೊಪ್ ಹುಟ್ಟಿದ್ದು 1936ರ ಡಿಸೆಂಬರ್ 16ರಂದು, ಜ್ಯೂರಿಕ್‌ನಲ್ಲಿ. ತವರಿನ ಹೆಸರು ಇಕ್ಲೆ. ಅಪ್ಪ ಮ್ಯಾಕ್ಸ್ ಇಕ್ಲೆ ದೇಶದ ಹಣಕಾಸು ಆಡಳಿತದಲ್ಲಿ ದೊಡ್ಡ ಅಧಿಕಾರಿ, ಆಮೇಲೆ ಸ್ವಿಸ್ ನ್ಯಾಷನಲ್ ಬ್ಯಾಂಕಿನ ನಿರ್ದೇಶಕ ಮಂಡಳಿಗೆ ಹೋದವರು. ಮಗಳು ಬೆಳೆದಿದ್ದು ಬರ್ನ್ ಪಕ್ಕದ ಮುರಿಯಲ್ಲಿ. ಚಿಕ್ಕವಯಸ್ಸಿನಲ್ಲಿ ಐಸ್ ಮೇಲೆ ಫಿಗರ್ ಸ್ಕೇಟಿಂಗ್ ಮಾಡುತ್ತಿದ್ದರು. ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದರು. 1956ರಲ್ಲಿ ಹಂಗೇರಿಯ ದಂಗೆಯನ್ನು ಸೋವಿಯತ್ ಟ್ಯಾಂಕುಗಳು ತುಳಿದಾಗ ಅಲ್ಲಿಂದ ಓಡಿಬಂದವರಿಗೆ ನೆರವಾಗುವ ವಿದ್ಯಾರ್ಥಿಗಳ ಕೆಲಸಕ್ಕೆ ಇಳಿದರು. 1960ರಲ್ಲಿ ಅತ್ಯುತ್ತಮ ದರ್ಜೆಯಲ್ಲಿ ಕಾನೂನು ಪದವಿ ಬಂತು, ಅದೇ ವರ್ಷ ವಕೀಲ ಹಾನ್ಸ್ ಡಬ್ಲ್ಯೂ. ಕೊಪ್ ಅವರೊಂದಿಗೆ ಮದುವೆ ಆಯಿತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕಾನೂನಿನಲ್ಲಿ ಅಷ್ಟು ಚೆನ್ನಾಗಿ ಪಾಸಾದ ಈ ಹೆಣ್ಣುಮಗಳಿಗೆ ಆಗ ಓಟು ಹಾಕುವ ಹಕ್ಕಿರಲಿಲ್ಲ. 1959ರ ಫೆಬ್ರವರಿಯಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಕೊಡಬೇಕೇ ಅಂತ ಕೇಳಿದಾಗ ಸ್ವಿಸ್ ಗಂಡಸರಲ್ಲಿ 66.9% ಜನ ಬೇಡ ಅಂದಿದ್ದರು. 1971ರ ಫೆಬ್ರವರಿ 7ರಂದು ಮತ್ತೆ ಕೇಳಿದಾಗ 65.7% ಜನ ಹೂಂ ಅಂದರು. ಆಗ ಕೊಪ್ ಅವರಿಗೆ 34 ವರ್ಷ. ಅದಕ್ಕೂ ಮೊದಲೇ, 1970ರಲ್ಲಿ, ಜ್ಯೂರಿಕ್ ಪಕ್ಕದ ಜುಮಿಕೋನ್ ಊರಿನ ಸ್ಥಳೀಯ ಆಡಳಿತಕ್ಕೆ ಅವರು ಆರಿಸಿ ಬಂದಿದ್ದರು, ಯಾಕೆಂದರೆ ಆ ಪ್ರಾಂತ್ಯದಲ್ಲಿ ಊರ ಮಟ್ಟದ ಹಕ್ಕು ಸ್ವಲ್ಪ ಬೇಗ ಸಿಕ್ಕಿತ್ತು. ಅಂದರೆ ಊರಿನ ಆಡಳಿತ ನಡೆಸುವ ಕುರ್ಚಿ ಸಿಕ್ಕಿದಾಗ ಸಂಸತ್ತಿಗೆ ಓಟು ಹಾಕುವ ಹಕ್ಕು ಇನ್ನೂ ಸಿಕ್ಕಿರಲಿಲ್ಲ! 1974ರಲ್ಲಿ ಅದೇ ಊರಿನ ಅಧ್ಯಕ್ಷೆಯಾದರು. 1979ರಲ್ಲಿ ಸಂಸತ್ತಿನ ಕೆಳಮನೆಗೆ ಹೋದರು. ಪಕ್ಷ ಎಫ್‌ಡಿಪಿ, ಅಂದರೆ ಸ್ವಿಸ್ ಲಿಬರಲ್‌ಗಳ ಹಳೆಯ ಪಕ್ಷ. ವ್ಯಾಪಾರಿಗಳು, ಬ್ಯಾಂಕಿನವರು, ವಕೀಲರು ಜಾಸ್ತಿ ಇರುವ ಪಕ್ಷ.

1983ರಲ್ಲಿ ಸಮಾಜವಾದಿಗಳು ಲಿಲಿಯಾನ್ ಉಖ್ಟನ್‌ಹಾಗನ್ ಎಂಬ ಮಹಿಳೆಯನ್ನು ಫೆಡರಲ್ ಕೌನ್ಸಿಲ್‌ಗೆ ನಿಲ್ಲಿಸಿದ್ದರು. ಸಂಸತ್ತು ಅವರನ್ನು ಬಿಟ್ಟು ಅದೇ ಪಕ್ಷದ ಒಬ್ಬ ಗಂಡಸನ್ನು ಆರಿಸಿತು. ಅದರ ನೋವು ಇನ್ನೂ ಹಸಿಯಾಗಿದ್ದಾಗಲೇ ಮರುವರ್ಷ ಎಫ್‌ಡಿಪಿಯ ಸಚಿವ ರುಡಾಲ್ಫ್ ಫ್ರೀಡ್ರಿಖ್ ಅನಾರೋಗ್ಯದಿಂದ ಹುದ್ದೆ ಬಿಟ್ಟರು. ಈ ಸಲ ಲಿಬರಲ್‌ಗಳ ಸರದಿ. 1984ರ ಅಕ್ಟೋಬರ್ 2ರಂದು ಕೊಪ್ ಮೊದಲ ಸುತ್ತಿನಲ್ಲೇ 124 ಮತ ಪಡೆದು ಗೆದ್ದರು. ಅದೇ ಪಕ್ಷದ ಬ್ರೂನೊ ಹುಂಟ್ಸಿಕರ್‌ಗೆ 95. ಸದಸ್ಯರ ಒಟ್ಟು ಸಂಖ್ಯೆ 246 ಅಂತ ಲೆಕ್ಕ ಹಿಡಿದರೆ ಅರ್ಧಕ್ಕಿಂತ ಒಂದೇ ಮತ ಜಾಸ್ತಿ. 1848ರಲ್ಲಿ ಶುರುವಾದ ಆ ಏಳು ಕುರ್ಚಿಗಳಲ್ಲಿ ಒಂದರ ಮೇಲೆ ಹೆಂಗಸು ಕೂತಿದ್ದು ಅದೇ ಮೊದಲು.

ಆ ಚುನಾವಣೆಯ ದಿನಗಳಲ್ಲಿ ಪತ್ರಿಕೆಗಳು ಚರ್ಚಿಸಿದ್ದು ಅವರ ಕೆಲಸಕ್ಕಿಂತ ಹೆಚ್ಚಾಗಿ ಗಂಡನ ವಿಷಯ. ಹಾನ್ಸ್ ಕೊಪ್ ಹೆಸರುವಾಸಿ ಬಿಸಿನೆಸ್ ವಕೀಲ, ನಾಲ್ಕಾರು ಕಂಪನಿಗಳಲ್ಲಿ ಕೈ ಇದ್ದವರು. ಅವರ ವ್ಯವಹಾರಗಳ ಬಗ್ಗೆ, ಖಾಸಗಿ ಬದುಕಿನ ಬಗ್ಗೆ ಗುಸುಗುಸು ಜೋರಾಗಿಯೇ ಇತ್ತು. ಸಂಸತ್ತು ಅದನ್ನು ಪಕ್ಕಕ್ಕಿಟ್ಟು ಅವರನ್ನು ಆರಿಸಿತು, ಅದು ಸರಿಯಾಗಿಯೇ ಇತ್ತು ಅಂತ ನನ್ನ ಅಭಿಪ್ರಾಯ. ಆದರೆ ಅಂದೇ ಒಂದು ಸರಳ ಪ್ರಶ್ನೆಯನ್ನು ಯಾರೋ ಒಬ್ಬರು ಎತ್ತಿ, ಅದಕ್ಕೆ ಉತ್ತರ ಬರೆಸಿಕೊಳ್ಳಬೇಕಿತ್ತು: ಪೊಲೀಸ್ ಇಲಾಖೆ ಹೆಂಡತಿಯ ಕೈಯಲ್ಲಿರುವಾಗ ಗಂಡ ಯಾವ ಯಾವ ಕಂಪನಿಗಳಲ್ಲಿ ಕೂರಬಹುದು, ಯಾವುದರಲ್ಲಿ ಕೂರಬಾರದು? ಆ ಗೆರೆಯನ್ನು ಯಾರೂ ಎಳೆಯಲಿಲ್ಲ. ನಾಲ್ಕು ವರ್ಷದ ನಂತರ ಎಲ್ಲ ಎಡವಿದ್ದು ಅಲ್ಲೇ.

ಸಚಿವೆಯಾಗಿ ಅವರು ಮಾಡಿದ ಕೆಲಸಗಳಲ್ಲಿ ಹೊಸ ವಿವಾಹ ಕಾನೂನಿನ ಬಗ್ಗೆ ಹೇಳಲೇಬೇಕು. ಹಳೆಯ ಸಿವಿಲ್ ಕೋಡ್ 1912ರಿಂದ ಜಾರಿಯಲ್ಲಿತ್ತು. ಅದರ ಪ್ರಕಾರ ಗಂಡ ಸಂಸಾರದ ಯಜಮಾನ. ಎಲ್ಲಿ ಮನೆ ಮಾಡಬೇಕು ಅಂತ ತೀರ್ಮಾನಿಸೋದು ಅವನು. ಹೆಂಡತಿ ಹೊರಗೆ ಕೆಲಸಕ್ಕೆ ಹೋಗಬೇಕಾದರೆ ಅವನ ಒಪ್ಪಿಗೆ ಬೇಕು. ಅವಳು ತಂದ ಆಸ್ತಿಯನ್ನು ನೋಡಿಕೊಳ್ಳೋದೂ ಸಾಮಾನ್ಯವಾಗಿ ಅವನೇ. 1980ರ ದಶಕದ ಯುರೋಪಿನಲ್ಲಿ, ಬ್ಯಾಂಕು ಗಡಿಯಾರಗಳ ಆ ದೇಶದಲ್ಲಿ, ಇದು ಇನ್ನೂ ಕಾನೂನಾಗಿತ್ತು ಅಂದರೆ ನಂಬೋದು ಕಷ್ಟ ಅಲ್ವಾ? ಹೊಸ ಕಾನೂನು ಗಂಡ ಹೆಂಡತಿಯನ್ನು ಸಮಾನ ಜೊತೆಗಾರರು ಅಂತ ಕರೆಯಿತು. ಅದರ ಕರಡು ಕೊಪ್ ಬರುವ ಮೊದಲೇ ತಯಾರಾಗಿತ್ತು ನಿಜ. ಆದರೆ ಅದನ್ನು ಬೀಳಿಸಲು ಬಲಪಂಥೀಯ ರಾಜಕಾರಣಿ ಕ್ರಿಸ್ಟಾಫ್ ಬ್ಲೋಖರ್ ಅಂಥವರು ಸಹಿ ಸಂಗ್ರಹಿಸಿ ಜನಮತಕ್ಕೆ ಎಳೆದಾಗ ಅದರ ಪರವಾಗಿ ದೇಶದ ಮುಂದೆ ನಿಂತು ವಾದಿಸಿದ ಸಚಿವೆ ಇವರು. 1985ರ ಸೆಪ್ಟೆಂಬರ್ 22ರಂದು 54.7% ಜನ ಒಪ್ಪಿದರು. 1988ರ ಜನವರಿ 1ರಿಂದ ಜಾರಿಗೆ ಬಂತು. ಇಂದು ಸ್ವಿಟ್ಜರ್ಲೆಂಡಿನಲ್ಲಿ ಯಾವ ಹೆಂಗಸೂ ಕೆಲಸಕ್ಕೆ ಹೋಗಲು ಗಂಡನ ಅನುಮತಿ ಕೇಳಬೇಕಿಲ್ಲ, ಅದರಲ್ಲಿ ಕೊಪ್ ಅವರ ಪಾಲು ದೊಡ್ಡದು. ಫೋನ್ ಕರೆ ನೆನಪಿರುವವರಿಗೆ ಇದು ನೆನಪಿರೋದಿಲ್ಲ, ಅದೇ ನನಗೆ ಬೇಜಾರು. (ಅವರ ಕಾಲದಲ್ಲೇ ಆಶ್ರಯ ಕೇಳಿ ಬರುವ ನಿರಾಶ್ರಿತರ ಮೇಲಿನ ಕಾನೂನು ಬಿಗಿಯಾಯಿತು, ಅದನ್ನೂ ಮರೆಮಾಚಬಾರದು. ಹಂಗೇರಿಯವರಿಗಾಗಿ ಓಡಾಡಿದ ಹುಡುಗಿ ಇದನ್ನು ಹೇಗೆ ಒಪ್ಪಿದರು ಅಂತ ಆಗಲೇ ಎಡಪಕ್ಷದವರು ಸಿಟ್ಟಾಗಿದ್ದರು.)

ಈಗ 1988. ಅದರ ಹಿಂದಿನ ವರ್ಷ ಇಟಲಿ ಗಡಿಯ ಟಿಚಿನೊ ಪ್ರಾಂತ್ಯದಲ್ಲಿ ಸುಮಾರು 100 ಕಿಲೋ ಹೆರಾಯಿನ್ ಮತ್ತು ಮಾರ್ಫಿನ್ ಸಿಕ್ಕಿಬಿದ್ದಿತ್ತು. ಅದರ ಎಳೆ ಹಿಡಿದು ಹೊರಟ ಅಲ್ಲಿನ ಪ್ರಾಸಿಕ್ಯೂಟರ್ ಡಿಕ್ ಮಾರ್ಟಿ, ಡ್ರಗ್ಸ್ ಮಾರಿದ ನೋಟುಗಳು ಎಲ್ಲಿ ಹೋಗಿ ಒಳ್ಳೆಯ ಹಣವಾಗುತ್ತವೆ ಅಂತ ಹುಡುಕುತ್ತಾ ಜ್ಯೂರಿಕ್ ತಲುಪಿದರು. ಅಲ್ಲಿ ಲೆಬನಾನಿನ ಮಗಾರಿಯನ್ ಸಹೋದರರು ಸಿಕ್ಕರು. ನೋಟು ತುಂಬಿದ ಸೂಟ್‌ಕೇಸುಗಳು, ನೂರು ಕೋಟಿ ಫ್ರಾಂಕ್ ಮೀರಿದ ವಹಿವಾಟು, ದೊಡ್ಡ ದೊಡ್ಡ ಬ್ಯಾಂಕುಗಳಲ್ಲಿ ಖಾತೆ. ಪತ್ರಿಕೆಗಳು ಇದಕ್ಕೆ 'ಲೆಬನಾನ್ ಕನೆಕ್ಷನ್' ಅಂತ ಹೆಸರಿಟ್ಟವು. ಈ ಕಡತಗಳಲ್ಲಿ ಜ್ಯೂರಿಕ್‌ನ ಶಕಾರ್ಚಿ ಟ್ರೇಡಿಂಗ್ ಎಂಬ ಚಿನ್ನ ಮತ್ತು ವಿದೇಶಿ ನೋಟುಗಳ ವ್ಯಾಪಾರದ ಕಂಪನಿಯ ಹೆಸರೂ ಕಾಣಿಸಿತು. ಅದರ ಆಡಳಿತ ಮಂಡಳಿಯ ಉಪಾಧ್ಯಕ್ಷ ಹಾನ್ಸ್ ಕೊಪ್.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಹಣ ತೊಳೆಯೋದು ಆಗ ಸ್ವಿಟ್ಜರ್ಲೆಂಡಿನಲ್ಲಿ ಪ್ರತ್ಯೇಕ ಅಪರಾಧವೇ ಆಗಿರಲಿಲ್ಲ. ಅದನ್ನು ಅಪರಾಧ ಮಾಡುವ ಹೊಸ ಕಲಮು ತಯಾರಾಗುತ್ತಿದ್ದುದು ಕೊಪ್ ಅವರ ಇಲಾಖೆಯಲ್ಲೇ.

ಇಲಾಖೆಯ ಒಬ್ಬ ಅಧಿಕಾರಿಗೆ ಶಕಾರ್ಚಿ ಹೆಸರು ಗೊತ್ತಾಯಿತು. ಅವರಿಂದ ಸಚಿವೆಯ ಆಪ್ತ ಸಹಾಯಕಿಗೆ, ಆಪ್ತ ಸಹಾಯಕಿಯಿಂದ ಸಚಿವೆಗೆ ಸುದ್ದಿ ಬಂತು. ಸಚಿವೆ ಫೋನ್ ಎತ್ತಿದರು. ಮುಂದೆ ಕೋರ್ಟಿನಲ್ಲಿ ಇಡೀ ಕೇಸು ನಿಂತಿದ್ದು ಒಂದೇ ಪ್ರಶ್ನೆಯ ಮೇಲೆ: ಆ ಸುದ್ದಿ ತನ್ನ ಇಲಾಖೆಯ ಗುಟ್ಟಿನ ಕಡತದಿಂದ ಬಂದಿದ್ದು ಅಂತ ಕರೆ ಮಾಡುವಾಗ ಅವರಿಗೆ ಗೊತ್ತಿತ್ತೇ, ಇಲ್ಲವೇ? ಗೊತ್ತಿರಲಿಲ್ಲ ಅಂತ ಅವರು ಕೊನೆವರೆಗೂ ಹೇಳಿದರು.

ಆ ಕ್ಷಣವನ್ನು ಸುಮ್ನೆ ಊಹಿಸಿ ನೋಡಿ. ಎದುರಿಗೆ ಎರಡು ದಾರಿ. ಗಂಡನಿಗೆ ಏನೂ ಹೇಳದೆ, ಆ ಕಡತವನ್ನು ಮುಟ್ಟದೆ, ಜೊತೆಯ ಸಚಿವರಲ್ಲೊಬ್ಬರಿಗೆ ಅದನ್ನು ಒಪ್ಪಿಸಿ ಪಕ್ಕಕ್ಕೆ ಸರಿಯೋದು ಒಂದು. ಇಲ್ಲ, ಗಂಡನನ್ನು ಆ ಕುರ್ಚಿಯಿಂದ ತಕ್ಷಣ ಎಬ್ಬಿಸೋದು ಇನ್ನೊಂದು. ಅವರು ಎರಡನೆಯದನ್ನು ಆರಿಸಿದರು. ಗಂಡನನ್ನು ಕಾಪಾಡಲು ಹೋದರು ಅಂತ ಎಲ್ಲರೂ ಬರೆದರು. ನನಗೆ ಹಾಗನ್ನಿಸೋದಿಲ್ಲ. ಜಾಸ್ತಿ ಕಾಡಿದ್ದು ತನ್ನ ಸ್ಥಾನದ ಚಿಂತೆ ಇರಬೇಕು, ಯಾಕೆಂದರೆ ಸುದ್ದಿ ಹೊರಬಂದ ದಿನ ಗಂಡ ಇನ್ನೂ ಆ ಮಂಡಳಿಯಲ್ಲಿದ್ದರೆ ಏನಾಗುತ್ತಿತ್ತು ಅನ್ನೋದು ಎಂಥ ರಾಜಕಾರಣಿಗೂ ಹೊಳೆಯುವ ಮಾತು. ತಪ್ಪು ಹೆಜ್ಜೆಯೇ ಅದು. ಆದರೂ ಅವಸರದ ಹೆಜ್ಜೆ, ಕ್ಷಮಿಸಬಹುದಾದ ಹೆಜ್ಜೆ. ಅಂದೇ ಸಂಜೆಯೋ ಮರುದಿನವೋ ಉಳಿದ ಆರು ಸಚಿವರ ಮುಂದೆ ಕೂತು, ನೋಡಿ, ಹೀಗಾಯಿತು, ಕರೆ ಮಾಡಿಬಿಟ್ಟೆ, ಇನ್ನು ಈ ವಿಷಯ ನನ್ನ ಕೈಯಲ್ಲಿ ಇರಬಾರದು ಅಂತ ಹೇಳಿದ್ದರೆ ಒಂದು ವಾರ ಗಲಾಟೆ ಆಗಿ ತಣ್ಣಗಾಗುತ್ತಿತ್ತೇನೋ.

ಅವರು ಹೇಳಲಿಲ್ಲ.

ನವೆಂಬರ್‌ನಲ್ಲಿ ಪತ್ರಿಕೆಗಳಲ್ಲಿ ಶಕಾರ್ಚಿ ಹೆಸರು ಬಂತು. ಹಾನ್ಸ್ ಕೊಪ್ ಮಂಡಳಿ ಬಿಟ್ಟಿದ್ದೂ ಬಂತು. ಇಷ್ಟು ಸರಿಯಾದ ಸಮಯಕ್ಕೆ ಯಾಕೆ ಬಿಟ್ಟರು, ಯಾರಾದರೂ ಸುಳಿವು ಕೊಟ್ಟರೇ ಎಂಬ ಅನುಮಾನ ದಿನದಿಂದ ದಿನಕ್ಕೆ ಬೆಳೆಯಿತು. ಸಚಿವೆಯ ಬಾಯಿಂದ ಕರೆಯ ಮಾತು ಬರಲಿಲ್ಲ. ಡಿಸೆಂಬರ್ 7ರಂದು ಸಂಸತ್ತು ಎಂದಿನ ಪದ್ಧತಿಯಂತೆ ಸೇರಿ ಅವರನ್ನು 1989ರ ಉಪಾಧ್ಯಕ್ಷೆಯಾಗಿ ಆರಿಸಿತು. ಮತ ಹಾಕಿದವರಿಗೆ ಆ ಕರೆಯ ಸಂಗತಿಯನ್ನು ಅವರು ತಿಳಿಸಿರಲಿಲ್ಲ. ಎರಡೇ ದಿನ ಕಳೆದು, ಡಿಸೆಂಬರ್ 9ರಂದು, ಹೌದು, ಗಂಡನಿಗೆ ಫೋನ್ ಮಾಡಿದ್ದೆ ಅಂತ ಒಪ್ಪಿಕೊಂಡರು. ಅಕ್ಟೋಬರ್ 27ರಿಂದ ಡಿಸೆಂಬರ್ 9. ಎಣಿಸಿದರೆ 43 ದಿನ.

ನನ್ನ ಲೆಕ್ಕದಲ್ಲಿ ಈ ಪ್ರಕರಣದ ನಡುಗಂಬ ಡಿಸೆಂಬರ್ 7. ಕರೆ ಮಾಡಿದ್ದು ಗಂಡ ಹೆಂಡತಿ ನಡುವಿನ ಮಾತು ಅಂತ ಯಾರಾದರೂ ವಾದಿಸಬಹುದು. ಆದರೆ ತನ್ನನ್ನು ಆರಿಸುತ್ತಿರುವವರ ಎದುರು ಕೂತು, ಅವರಿಗೆ ಗೊತ್ತಾಗಬೇಕಾದ್ದನ್ನು ಮನಸ್ಸಲ್ಲಿಟ್ಟುಕೊಂಡು, ಅವರ ಮತ ತಗೊಂಡಿದ್ದಕ್ಕೆ ವಾದವೇ ಇಲ್ಲ. ಸಂಸತ್ತಿನವರಿಗೆ ಹೊಟ್ಟೆ ಉರಿದಿದ್ದು ಅದಕ್ಕೇ. ಅವರ ಸ್ವಂತ ಪಕ್ಷವೂ ಕೈಬಿಟ್ಟಿತು. ಡಿಸೆಂಬರ್ 12ರಂದು, ಫೆಬ್ರವರಿ ಕೊನೆಗೆ ಹುದ್ದೆ ಬಿಡುತ್ತೇನೆ ಅಂದರು. ಕಾನೂನಿನ ಪ್ರಕಾರವಾಗಲಿ ನೈತಿಕವಾಗಿಯಾಗಲಿ ತನ್ನದೇನೂ ತಪ್ಪಿಲ್ಲ ಅನ್ನುವ ಮಾತನ್ನೂ ಅವತ್ತೇ ಸೇರಿಸಿದರು. ಆ ಮಾತು ಜನರನ್ನು ಇನ್ನಷ್ಟು ಕೆರಳಿಸಿತು. ವಿಶೇಷ ತನಿಖಾಧಿಕಾರಿ ಹಾನ್ಸ್ ಹುಂಗರ್ಬ್ಯೂಲರ್ ಅವರ ವರದಿ ಬಂದಾಗ ಅದರಲ್ಲಿ ಸರ್ಕಾರಿ ಗುಟ್ಟು ಹೊರಬಿಟ್ಟ ಅನುಮಾನ ಕಾಣುತ್ತದೆ ಅಂತಿತ್ತು. 1989ರ ಜನವರಿ 12ರಂದು ಕೊಪ್ ಅಂದೇ ಜಾರಿಗೆ ಬರುವಂತೆ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಫೆಬ್ರವರಿ 1ರಂದು ಅದೇ ಪಕ್ಷದ ಕಾಸ್ಪರ್ ವಿಲ್ಲಿಗರ್ ಬಂದರು. ನ್ಯಾಯ ಮತ್ತು ಪೊಲೀಸ್ ಇಲಾಖೆ ಆರ್ನಾಲ್ಡ್ ಕೊಲ್ಲರ್ ಕೈಗೆ ಹೋಯಿತು. 1990ರ ಅಧ್ಯಕ್ಷ ಸ್ಥಾನವೂ ಕೊಲ್ಲರ್ ಪಾಲಿಗೇ ಬಂತು.

ಸಂಸತ್ತು ಅವರ ಕಾನೂನು ರಕ್ಷಣೆ ತೆಗೆಯಿತು, ಕೇಸು ಲೋಸಾನ್‌ನ ಫೆಡರಲ್ ಕೋರ್ಟಿಗೆ ಹೋಯಿತು. 1990ರ ಫೆಬ್ರವರಿ 23ರಂದು ತೀರ್ಪು ಬಂತು: ಖುಲಾಸೆ. ಸುದ್ದಿ ಗುಟ್ಟಿನದ್ದೇ, ಅದು ಹೊರಗೆ ಹೋಗಿದ್ದೂ ನಿಜ, ಆದರೆ ಅದು ಇಲಾಖೆಯಿಂದ ಬಂದಿದ್ದು ಅಂತ ತಿಳಿದೂ ಅವರು ಹೇಳಿದರು ಅನ್ನೋದು ಸಾಬೀತಾಗಿಲ್ಲ. ಅನುಮಾನದ ಲಾಭ ಆರೋಪಿಗೆ. ಕೋರ್ಟು ಬಿಟ್ಟರೂ ರಾಜಕೀಯದಲ್ಲಿ ಅವರಿಗೆ ಬಾಗಿಲು ತೆರೆಯಲಿಲ್ಲ. ಶಕಾರ್ಚಿ ಕಂಪನಿಗೂ ಶಿಕ್ಷೆ ಅಂತ ಏನೂ ಆಗಲಿಲ್ಲ. ಮಗಾರಿಯನ್ ಸಹೋದರರಿಗೆ ಜೈಲಾಯಿತು. ಹಣ ತೊಳೆಯೋದನ್ನು ಅಪರಾಧ ಮಾಡುವ ಕಲಮು 1990ರ ಆಗಸ್ಟ್ 1ರಿಂದ ಜಾರಿಗೆ ಬಂತು, ಈ ಗಲಾಟೆ ಆಗದಿದ್ದರೆ ಅಷ್ಟು ಬೇಗ ಬರುತ್ತಿರಲಿಲ್ಲ.

ಇಲ್ಲಿಂದ ಕಥೆ ಕೊಪ್ ಅವರ ಕೈಯಿಂದ ಜಾರಿ ಇಡೀ ದೇಶದ್ದಾಯಿತು. 1989ರ ಜನವರಿ ಕೊನೆಯಲ್ಲಿ ಸಂಸತ್ತು ಒಂದು ತನಿಖಾ ಸಮಿತಿ ಮಾಡಿತು. ಅದರ ಅಧ್ಯಕ್ಷ ಜ್ಯೂರಿಕ್‌ನ ಸಮಾಜವಾದಿ ಮೊರಿಟ್ಸ್ ಲಾಯನ್‌ಬರ್ಗರ್. ಸಚಿವೆ ಏನು ಮಾಡಿದರು, ಇಲಾಖೆಯೊಳಗೆ ಡ್ರಗ್ಸ್ ದಂಧೆಯವರ ಕೈ ಇದೆಯೇ ಅಂತ ನೋಡಲು ಕಳಿಸಿದ ಸಮಿತಿ ಅದು. ಅಂಥ ಕೈ ಯಾವುದೂ ಸಿಗಲಿಲ್ಲ. ಆದರೆ ಫೆಡರಲ್ ಪೊಲೀಸರ ಕಪಾಟು ತೆಗೆದಾಗ ಕಾರ್ಡುಗಳು ಸಿಕ್ಕವು. ಒಂದಲ್ಲ ಎರಡಲ್ಲ, ಸುಮಾರು 9 ಲಕ್ಷ ಕಾರ್ಡು. ಆಗ ಇಡೀ ದೇಶದ ಜನಸಂಖ್ಯೆಯೇ 70 ಲಕ್ಷ ದಾಟಿರಲಿಲ್ಲ. ಎಡಪಂಥೀಯರು, ಅಣುಸ್ಥಾವರದ ವಿರೋಧಿಗಳು, ಹೆಣ್ಣುಮಕ್ಕಳ ಸಂಘಟನೆಯವರು, ಪೂರ್ವ ಯುರೋಪಿಗೆ ಪ್ರವಾಸ ಹೋದವರು, ವಿದೇಶಿಯರು, ಸಂಸತ್ತಿನ ಸದಸ್ಯರು, ಎಲ್ಲರ ಹೆಸರಲ್ಲೂ ಕಾರ್ಡು. ಯಾರು ಯಾರ ಜೊತೆ ಕೂತರು, ಯಾವ ಸಭೆಗೆ ಹೋದರು ಅಂತ ದಿನಾಂಕದ ಸಮೇತ ಟೈಪ್ ಮಾಡಿಟ್ಟಿದ್ದರು. ಒಬ್ಬರ ಕಾರ್ಡಿನಲ್ಲಿ, ಸಂಜೆ ಹೊತ್ತು ಬಿಯರ್ ಕುಡಿಯಲು ಇಷ್ಟಪಡುತ್ತಾರೆ ಅಂತ ಬರೆದಿತ್ತು.

ಸಮಿತಿಯ ವರದಿ ಬಂದಿದ್ದು 1989ರ ನವೆಂಬರ್‌ನಲ್ಲಿ, ಬರ್ಲಿನ್ ಗೋಡೆ ಬಿದ್ದ ಅದೇ ತಿಂಗಳು. ಪೂರ್ವ ಜರ್ಮನಿಯ ಗುಪ್ತ ಪೊಲೀಸರ ಕಡತಗಳ ಬಗ್ಗೆ ಜಗತ್ತು ಮಾತಾಡುತ್ತಿದ್ದ ಹೊತ್ತಿಗೆ ಸ್ವಿಸ್ ಜನ ತಮ್ಮ ಮನೆಯ ಕಪಾಟು ನೋಡಿಕೊಂಡರು. ನನ್ನ ಕಾರ್ಡು ತೋರಿಸಿ ಅಂತ 3 ಲಕ್ಷಕ್ಕೂ ಜಾಸ್ತಿ ಜನ ಸರ್ಕಾರಕ್ಕೆ ಪತ್ರ ಬರೆದರು. ಬಂದ ನಕಲುಗಳಲ್ಲಿ ಸುಳಿವು ಕೊಟ್ಟವರ ಹೆಸರಿನ ಮೇಲೆ ಕಪ್ಪು ಪಟ್ಟಿ ಬಳಿದಿತ್ತು. ಪಕ್ಕದ ಮನೆಯವರೋ, ಜೊತೆ ಕೆಲಸ ಮಾಡುವವರೋ ಅಂತ ಗೊತ್ತಾಗದ ಹಾಗೆ. 1990ರ ಮಾರ್ಚ್ 3ರಂದು ಬರ್ನ್‌ನ ಸಂಸತ್ ಭವನದ ಮುಂದೆ 30 ಸಾವಿರಕ್ಕೂ ಜಾಸ್ತಿ ಜನ ಸೇರಿ ಪ್ರತಿಭಟಿಸಿದರು. 1991ರಲ್ಲಿ ದೇಶ ತನ್ನ 700ನೇ ವರ್ಷ ಆಚರಿಸಲು ಹೊರಟಾಗ ಎಷ್ಟೋ ಲೇಖಕರು ಕಲಾವಿದರು ನಾವು ಬರೋದಿಲ್ಲ ಅಂದರು. ಇದಾದಮೇಲೆ 1993ರಲ್ಲಿ ದತ್ತಾಂಶ ರಕ್ಷಣೆಯ ಕಾನೂನು ಜಾರಿಗೆ ಬಂತು. ಒಬ್ಬ ಹೆಂಗಸಿನ ಫೋನ್ ಕರೆ ಹುಡುಕಲು ಹೋದವರಿಗೆ ಸಿಕ್ಕಿದ್ದು, ದಶಕಗಳ ಕಾಲ ಗಂಡಸರೇ ನಡೆಸಿದ್ದ ಒಂದು ವ್ಯವಸ್ಥೆ. ಅದಕ್ಕೆ ಉತ್ತರ ಕೊಡಬೇಕಾದ ಹಳೆಯ ಸಚಿವರಲ್ಲಿ ಯಾರ ಮೇಲೂ ಕೊಪ್ ಅವರ ಮೇಲಾದಂತೆ ಕೇಸು ಆಗಲಿಲ್ಲ.

ಹೆಂಗಸು ಅಂತಲೇ ಅವರನ್ನು ಕೆಡವಿದರೇ? ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ನನಗೆ ಅನ್ನಿಸೋದು ಹೀಗೆ. ಒಬ್ಬ ಗಂಡಸು ಸಚಿವ ಹೆಂಡತಿಗೆ ಇಂಥದೇ ಕರೆ ಮಾಡಿ 43 ದಿನ ಮುಚ್ಚಿಟ್ಟಿದ್ದರೆ ಅವನೂ ಹೋಗಬೇಕಿತ್ತು, ಹೋಗಲಿ ಅಂತಲೇ ನಾನು ಬರೆಯುತ್ತಿದ್ದೆ. ಆದರೆ ಅವನು ಹೋದರೆ ಒಬ್ಬ ಸಚಿವ ಹೋದ ಅಷ್ಟೇ. ಇವರು ಹೋದಾಗ ಆ ಕುರ್ಚಿಗೆ ಹೆಂಗಸರು ತಕ್ಕವರೇ ಅನ್ನುವ ಮಾತು ಹೊರಟಿತು. 1989ರಿಂದ ನಾಲ್ಕು ವರ್ಷ ಆ ಏಳರಲ್ಲಿ ಮತ್ತೆ ಏಳೂ ಗಂಡಸರೇ. 1993ರಲ್ಲಿ ಸಮಾಜವಾದಿಗಳು ನಿಲ್ಲಿಸಿದ ಕ್ರಿಸ್ಟಿಯಾನ್ ಬ್ರುನ್ನರ್ ಎಂಬ ಮಹಿಳೆಯನ್ನು ಸಂಸತ್ತು ಬಿಟ್ಟಾಗ ಹೆಂಗಸರು ಬೀದಿಗಿಳಿದರು, ಆ ಒತ್ತಡಕ್ಕೆ ಅದೇ ಪಕ್ಷದ ರೂತ್ ಡ್ರೈಫುಸ್ ಗೆದ್ದರು. 1999ರಲ್ಲಿ ಮೊದಲ ಮಹಿಳಾ ಅಧ್ಯಕ್ಷೆಯಾಗಿದ್ದೂ ಡ್ರೈಫುಸ್ ಅವರೇ. ಕೊಪ್ ಅವರಿಗೆ ಬರಬೇಕಿದ್ದ ವರ್ಷಕ್ಕಿಂತ ಒಂಬತ್ತು ವರ್ಷ ತಡವಾಗಿ.

ಕೊಪ್ ಆಮೇಲೆ ಜುಮಿಕೋನ್‌ನಲ್ಲೇ ಉಳಿದರು. ಗಂಡನನ್ನು ಬಿಡಲಿಲ್ಲ. ಹಾನ್ಸ್ ಕೊಪ್ 2009ರಲ್ಲಿ ತೀರಿಕೊಂಡರು. 2023ರ ಏಪ್ರಿಲ್ 7ರಂದು, 86ನೇ ವಯಸ್ಸಿನಲ್ಲಿ, ಎಲಿಜಬೆತ್ ಕೊಪ್ ತೀರಿಕೊಂಡರು.

ಅವರ ಪಕ್ಷ ಅವರ ನಂತರ ಇನ್ನೊಬ್ಬ ಹೆಂಗಸನ್ನು ಆ ಕೌನ್ಸಿಲ್‌ಗೆ ಕಳಿಸಲು ಎಷ್ಟು ವರ್ಷ ತೆಗೆದುಕೊಂಡಿತು ಗೊತ್ತೇ? 2018ರ ಡಿಸೆಂಬರ್ 5ರಂದು ಕರಿನ್ ಕೆಲ್ಲರ್ ಜುಟ್ಟರ್ ಆರಿಸಿ ಬಂದರು. ಕೊಪ್ ರಾಜೀನಾಮೆಯ ಮಾತು ಎತ್ತಿ ಆಗಲೇ ಹೆಚ್ಚುಕಡಿಮೆ 30 ವರ್ಷ. ಆಗ ಕೊಪ್ ಅವರಿಗೆ 81, ಕಣ್ಣಾರೆ ನೋಡುವಷ್ಟು ಕಾಲ ಬದುಕಿದ್ದರು. ಕೆಲ್ಲರ್ ಜುಟ್ಟರ್ ಅವರಿಗೆ ಸಿಕ್ಕಿದ್ದು ಅದೇ ನ್ಯಾಯ ಮತ್ತು ಪೊಲೀಸ್ ಇಲಾಖೆ.